ಸಂಶೋಧನಾ ಧನಸಹಾಯ, ಇಂಟರ್ನ್‌ಶಿಪ್, ಸ್ಪರ್ಧೆ: ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿ-ಅಧ್ಯಾಪಕರಿಗೆ ಮಾಹಿತಿ

ಬೇಸಿಗೆ ರಜೆಯ ಸಂಶೋಧನಾ ತರಬೇತಿಗಾಗಿ ಬೇಸಿಗೆಯಲ್ಲಿ ಹುಡುಕಾಟ ಆರಂಭಿಸುವ ವಿದ್ಯಾರ್ಥಿ ಆ ವೇಳೆಗಾಗಲೇ ಅವಕಾಶವನ್ನು ಕಳೆದುಕೊಂಡಿರುತ್ತಾನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ, ನವದೆಹಲಿಯ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಹಾಗೂ ಪ್ರಯಾಗರಾಜದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು ಜೊತೆಗೂಡಿ ನಡೆಸಿಕೊಂಡು ಬಂದಿರುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಸಾಮಾನ್ಯವಾಗಿ ಅರ್ಜಿ ಕರೆಯುವುದು ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿ. ಆಯ್ಕೆಯಾದವರು ದೇಶದ ಯಾವುದಾದರೊಂದು ಪ್ರಯೋಗಾಲಯದಲ್ಲಿ ಹಿರಿಯ ವಿಜ್ಞಾನಿಯ ಬಳಿ ಎರಡು ತಿಂಗಳು ಭತ್ಯೆ ಸಹಿತ ಕೆಲಸ ಮಾಡುತ್ತಾರೆ. ಇದು ವಿದ್ಯಾರ್ಥಿಗಳಿಗೆ ಮಾತ್ರವಲ್ಲದೆ ಕಾಲೇಜು ಅಧ್ಯಾಪಕರಿಗೂ ತೆರೆದಿರುವ ಯೋಜನೆ ಎಂಬುದು ಹಲವರಿಗೆ ತಿಳಿದಿಲ್ಲ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಉನ್ನತ ಶಿಕ್ಷಣದ ಸ್ಥಿತಿ ಒಂದೇ ಬಗೆಯದಲ್ಲ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ 2018ರಲ್ಲಿ ಆರಂಭವಾದ ಆದಿಚುಂಚನಗಿರಿ ವಿಶ್ವವಿದ್ಯಾಲಯದ ಅಡಿಯಲ್ಲಿ ವೈದ್ಯಕೀಯ, ಔಷಧ ವಿಜ್ಞಾನ, ಎಂಜಿನಿಯರಿಂಗ್ ಶಿಕ್ಷಣವಿದೆ. ಕೆ.ಆರ್. ಪೇಟೆಯಲ್ಲಿ 2007ರಲ್ಲಿ ಸ್ಥಾಪನೆಯಾದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಉಳಿದಂತೆ ಹೆಚ್ಚಿನ ವಿದ್ಯಾರ್ಥಿಗಳು ಕಲಿಯುವುದು ಪ್ರಥಮ ದರ್ಜೆ ಕಾಲೇಜುಗಳಲ್ಲಿ. ವಿಶ್ವವಿದ್ಯಾಲಯದಲ್ಲಿ ಅರ್ಜಿಗಳ ಬೆನ್ನು ಹತ್ತುವುದಕ್ಕೆಂದೇ ಸಿಬ್ಬಂದಿ ಇರಬಹುದು. ಪದವಿ ಕಾಲೇಜಿನಲ್ಲಿ ಆ ಹೊಣೆ ಪಾಠ, ಮೌಲ್ಯಮಾಪನ, ಪ್ರವೇಶಾತಿಗಳ ನಡುವೆ ಒಬ್ಬಿಬ್ಬರು ಅಧ್ಯಾಪಕರ ಹೆಗಲೇರುತ್ತದೆ. ಆದ್ದರಿಂದಲೇ ಯಾವ ಹಣ ಎಲ್ಲಿದೆ ಎಂಬುದನ್ನು ವಿದ್ಯಾರ್ಥಿಯೇ ಅರಿತಿರುವುದು ಇಲ್ಲಿ ಹೆಚ್ಚು ಅಗತ್ಯ.

ರಾಜ್ಯದ ಯೋಜನೆಗಳು

ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಎಲ್ಲಕ್ಕಿಂತ ಹತ್ತಿರದ ಬಾಗಿಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ. 1975ರಲ್ಲಿ ರಚನೆಯಾದ ಈ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮ 1970ರ ದಶಕದ ಉತ್ತರಾರ್ಧದಿಂದಲೂ ನಡೆದುಬಂದಿದೆ. ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಇಲ್ಲಿಂದ ದೊರೆಯುವ ಮೊತ್ತ ದೊಡ್ಡದೇನಲ್ಲ. ಬಿಡಿಭಾಗ, ಪರೀಕ್ಷೆ, ಓಡಾಟಕ್ಕೆ ಸಾಲುವಷ್ಟು. ಆದರೆ ಹೊರಗಿನ ತಜ್ಞರು ಪ್ರಾಜೆಕ್ಟನ್ನು ಓದಿ ಪ್ರಶ್ನಿಸುತ್ತಾರೆ, ಆಯ್ದವು ರಾಜ್ಯಮಟ್ಟದ ಪ್ರದರ್ಶನಕ್ಕೆ ಹೋಗುತ್ತವೆ. ಮಾರುಕಟ್ಟೆಯಲ್ಲಿ ಸಿದ್ಧ ಪ್ರಾಜೆಕ್ಟ್ ಕೊಂಡು ಒಪ್ಪಿಸುವ ರೂಢಿಯಿರುವ ಕಾಲದಲ್ಲಿ ಈ ಪ್ರಶ್ನೆಗಳ ಬೆಲೆ ಹಣಕ್ಕಿಂತ ಹೆಚ್ಚು. ಪ್ರಸ್ತಾವನೆಯನ್ನು ವಿದ್ಯಾರ್ಥಿ ನೇರವಾಗಿ ಕಳುಹಿಸುವಂತಿಲ್ಲ. ಮಾರ್ಗದರ್ಶಕರು ಹಾಗೂ ಪ್ರಾಂಶುಪಾಲರ ಮೂಲಕವೇ ಹೋಗಬೇಕು.

ಅಧ್ಯಾಪಕರಿಗೆ ರಾಜ್ಯ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ದರ್ಶನ ಗುಂಪು, ಅಂದರೆ ವಿಜಿಎಸ್‌ಟಿ ಇದೆ. ಪ್ರೊ. ಸಿ.ಎನ್.ಆರ್. ರಾವ್ ಅವರ ಅಧ್ಯಕ್ಷತೆಯಲ್ಲಿ ರೂಪುಗೊಂಡ ಈ ಗುಂಪಿನ ಮೂಲಕ ಕಾಲೇಜು ಪ್ರಯೋಗಾಲಯಗಳ ಸುಧಾರಣೆಗೆ, ಯುವ ವಿಜ್ಞಾನಿಗಳ ಆರಂಭಿಕ ಸಂಶೋಧನೆಗೆ ಅನುದಾನ ನೀಡುವ ಯೋಜನೆಗಳು ಬಂದವು. ವಿಜ್ಞಾನ ವಿಷಯಗಳ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಫೆಲೋಶಿಪ್ ನೀಡುವ ಕರ್ನಾಟಕ ವಿಜ್ಞಾನ ಮತ್ತು ತಂತ್ರಜ್ಞಾನ ಪ್ರೋತ್ಸಾಹಕ ಸೊಸೈಟಿಯ ಪ್ರಕಟಣೆಗಳನ್ನೂ ಗಮನಿಸುತ್ತಿರಬೇಕು.

ಕೇಂದ್ರದ ಮಟ್ಟದಲ್ಲಿ ಹಳೆಯ ದಾರಿಗಳು ಬದಲಾಗಿವೆ. ಪದವಿ ಕಾಲೇಜು ಅಧ್ಯಾಪಕರು ಬಹುಕಾಲ ನೆಚ್ಚಿಕೊಂಡಿದ್ದ ಯುಜಿಸಿಯ ಕಿರು ಸಂಶೋಧನಾ ಯೋಜನೆ 12ನೇ ಪಂಚವಾರ್ಷಿಕ ಯೋಜನೆ 2017ರಲ್ಲಿ ಮುಗಿದ ಬಳಿಕ ಹಿಂದಿನಂತೆ ಉಳಿಯಲಿಲ್ಲ. ಸಣ್ಣ ಊರಿನ ಅಧ್ಯಾಪಕರಿಗೆ ಇದರಿಂದಾದ ನಷ್ಟ ಸಣ್ಣದಲ್ಲ, ಪಿಎಚ್.ಡಿ. ಮುಗಿಸಿದ ಮೇಲೆ ಮೊದಲ ಬಾರಿಗೆ ಸ್ವತಂತ್ರವಾಗಿ ಒಂದು ಕೆಲಸ ಕೈಗೆತ್ತಿಕೊಳ್ಳಲು ಅದೇ ಮೆಟ್ಟಿಲಾಗಿತ್ತು. ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿಯ ಜಾಗಕ್ಕೆ 2023ರ ಕಾಯ್ದೆಯಂತೆ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಬಂದಿದೆ. ಹಳೆಯ ಮಂಡಳಿಯ ಹೆಸರಿನಲ್ಲಿ ಸಿದ್ಧಪಡಿಸಿದ ಅರ್ಜಿ ನಮೂನೆಗಳನ್ನು ಇಂದಿಗೂ ಹಂಚಿಕೊಳ್ಳುವವರುಂಟು, ಅವುಗಳಿಂದ ಪ್ರಯೋಜನವಿಲ್ಲ.

ಸ್ಪರ್ಧೆಗಳ ಪೈಕಿ 2017ರಿಂದ ನಡೆಯುತ್ತಿರುವ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ದೊಡ್ಡದು. ಆರು ಮಂದಿಯ ತಂಡ, ಅದರಲ್ಲಿ ಕನಿಷ್ಠ ಒಬ್ಬ ವಿದ್ಯಾರ್ಥಿನಿ ಇರಬೇಕೆಂಬುದು ನಿಯಮ. ಮೊದಲು ಕಾಲೇಜಿನೊಳಗೇ ಸ್ಪರ್ಧೆ ನಡೆದು, ಅಲ್ಲಿ ಗೆದ್ದ ತಂಡಗಳ ಹೆಸರನ್ನು ಕಾಲೇಜು ಮುಂದಕ್ಕೆ ಕಳುಹಿಸಬೇಕು. ಕಾಲೇಜು ನೋಂದಾಯಿಸದಿದ್ದರೆ ಎಷ್ಟೇ ಜಾಣ ತಂಡವಾದರೂ ಮನೆಯಲ್ಲೇ ಉಳಿಯುತ್ತದೆ.

ವಿಷಯ ಊರಿನಲ್ಲೇ ಇದೆ

ಅರ್ಜಿ ಹಾಕುವವರನ್ನು ಕಾಡುವ ಮೊದಲ ಪ್ರಶ್ನೆ ಯಾವ ವಿಷಯ ಆರಿಸಿಕೊಳ್ಳಬೇಕು ಎಂಬುದು. ಅನ್ಯರ ಪ್ರಬಂಧದಿಂದ ಎತ್ತಿಕೊಂಡ ಶೀರ್ಷಿಕೆಗಿಂತ ಅರ್ಜಿದಾರರು ಮಾತ್ರ ಸುಲಭವಾಗಿ ತಲುಪಬಲ್ಲ ಸಾಮಗ್ರಿಯೇ ಆಯ್ಕೆ ಸಮಿತಿಯ ಮುಂದೆ ಬಲವಾದ ವಾದ. ಈ ದೃಷ್ಟಿಯಿಂದ ನಾಲ್ಕೂ ತಾಲ್ಲೂಕುಗಳು ಬಡವಲ್ಲ.

ಶಾಸನಗಳನ್ನೇ ನೋಡಬಹುದು. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಶ್ರೀರಂಗಪಟ್ಟಣದ ಶಾಸನಗಳು 1894ರ ಮೂರನೆಯ ಸಂಪುಟದಲ್ಲೂ ಕೃಷ್ಣರಾಜಪೇಟೆ, ನಾಗಮಂಗಲಗಳ ಶಾಸನಗಳು 1898ರ ನಾಲ್ಕನೆಯ ಸಂಪುಟದಲ್ಲೂ ಪ್ರಕಟವಾದವು. ಮುಂದೆ ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕರಿಸಿ ಹೊರತಂದ ಆವೃತ್ತಿಯಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳು ಆರನೆಯ ಸಂಪುಟದಲ್ಲಿ, ನಾಗಮಂಗಲ ಏಳನೆಯ ಸಂಪುಟದಲ್ಲಿ ಬಂದಿವೆ. ಪಠ್ಯ ಮುದ್ರಿತವಾಗಿದೆ, ಆದರೆ ಕಲ್ಲುಗಳ ಇಂದಿನ ಸ್ಥಿತಿಯೇನು, ಅವುಗಳಲ್ಲಿ ಹೇಳಿರುವ ಕೆರೆ-ತೂಬುಗಳಲ್ಲಿ ಎಷ್ಟು ಉಳಿದಿವೆ, ಊರ ಹೆಸರುಗಳು ಹೇಗೆ ಬದಲಾಗಿವೆ ಎಂಬುದನ್ನು ಸಂಪುಟ ಕೈಯಲ್ಲಿ ಹಿಡಿದು ಹಳ್ಳಿಹಳ್ಳಿ ಸುತ್ತಿಯೇ ಗುರುತಿಸಬೇಕು. ಬೈಕ್ ಮತ್ತು ಕ್ಯಾಮೆರಾ ಇರುವ ಇಬ್ಬರು ಎಂ.ಎ. ವಿದ್ಯಾರ್ಥಿಗಳಿಗೆ ಒಂದು ವರ್ಷದ ಕೆಲಸವಿದು. ಫ್ರೆಂಚರ ದಂಡಿನಿಂದಾಗಿ ‘ಫ್ರೆಂಚ್ ರಾಕ್ಸ್’ ಎಂದು ಕರೆಸಿಕೊಂಡಿದ್ದ ಹಿರೋಡೆ ಪಾಂಡವಪುರವಾದ ಕಥೆ ಸ್ಥಳನಾಮ ಅಧ್ಯಯನಕ್ಕೆ ಇನ್ನೊಂದು ಎಳೆ.

ದೇವಾಲಯಗಳಲ್ಲಿ ಕೆ.ಆರ್. ಪೇಟೆ ತಾಲ್ಲೂಕಿನ ಹೊಸಹೊಳಲಿನ ಲಕ್ಷ್ಮೀನಾರಾಯಣ, ಕಿಕ್ಕೇರಿಯ ಬ್ರಹ್ಮೇಶ್ವರ, ಗೋವಿಂದನಹಳ್ಳಿಯ ಪಂಚಲಿಂಗೇಶ್ವರ, ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿ ಪ್ರಮುಖವಾದವು. 2023ರಲ್ಲಿ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದಾಗ ಅದರಲ್ಲಿದ್ದುದು ಬೇಲೂರು, ಹಳೇಬೀಡು, ಸೋಮನಾಥಪುರ ಮಾತ್ರ. ಪಟ್ಟಿಯ ಹೊರಗುಳಿದ ಹೊಸಹೊಳಲಿನಂಥ ಕಡೆ ಪ್ರವಾಸಿಗರ ದಟ್ಟಣೆಯಿಲ್ಲದೆ ಶಿಲ್ಪಗಳ ದಾಖಲಾತಿ ನಡೆಸಲು ಸಾಧ್ಯ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಸಂಸ್ಕೃತ ಸಂಶೋಧನಾ ಸಂಸತ್ತು ಹಾಗೂ ಅದರ ಹಸ್ತಪ್ರತಿ ಸಂಗ್ರಹವಿದೆ. ಹಸ್ತಪ್ರತಿಗಳ ಸಮೀಕ್ಷೆ, ಸಂರಕ್ಷಣೆಗಾಗಿ ‘ಜ್ಞಾನ ಭಾರತಂ’ ಅಭಿಯಾನವನ್ನು ಕೇಂದ್ರ ಸರ್ಕಾರ 2025ರ ಮುಂಗಡಪತ್ರದಲ್ಲಿ ಘೋಷಿಸಿರುವುದರಿಂದ ಲಿಪಿ ಓದಬಲ್ಲ ಯುವಜನರಿಗೆ ಬೇಡಿಕೆ ಬರಬಹುದು.

ಇಂಥ ವಿಷಯಗಳಿಗೆ ಹಣ ನೀಡುವವರು ಯಾರು? ಇತಿಹಾಸಕ್ಕೆ ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತು, ಸಮಾಜ ವಿಜ್ಞಾನಗಳಿಗೆ 1969ರಲ್ಲಿ ಸ್ಥಾಪನೆಯಾದ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು. ಇತಿಹಾಸ ಪರಿಷತ್ತಿನ ದಕ್ಷಿಣ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲೇ ಇದೆ. ಇಂಗ್ಲಿಷ್‌ನಲ್ಲಿ ಪ್ರಸ್ತಾವನೆ ಬರೆಯಲು ಹಿಂಜರಿಯುವವರು ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆಯನ್ನು ಗಮನಿಸಬೇಕು. ಕಲೆ, ರಂಗಭೂಮಿ, ಜಾನಪದದ ಸಂಶೋಧನೆಗೆ ವ್ಯಕ್ತಿಗಳಿಗೇ ಅನುದಾನ ನೀಡುವ ಈ ಸಂಸ್ಥೆ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಪ್ರಸ್ತಾವನೆ ಸ್ವೀಕರಿಸುತ್ತದೆ. ನ್ಯೂ ಇಂಡಿಯಾ ಫೌಂಡೇಶನ್‌ನ ಅನುವಾದ ಫೆಲೋಶಿಪ್‌ಗೆ ಪರಿಗಣಿಸುವ ಭಾಷೆಗಳಲ್ಲಿ ಕನ್ನಡವೂ ಒಂದು. ಬರೆದದ್ದು ಪುಸ್ತಕವಾಗುವ ಹಂತಕ್ಕೆ ಬಂದರೆ ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನವಿದೆ.

ವಿಜ್ಞಾನದವರಿಗೂ ಸ್ಥಳೀಯ ವಿಷಯಗಳಿಗೆ ಬರವಿಲ್ಲ. ಕೃಷ್ಣರಾಜಸಾಗರದಲ್ಲಿ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರವಿದೆ. ಸಿವಿಲ್ ವಿದ್ಯಾರ್ಥಿಗಳು ತರಬೇತಿಗಾಗಿ ಮೊದಲು ವಿಚಾರಿಸಬೇಕಾದ ಸ್ಥಳವದು. ಮಂಡ್ಯ ಸಮೀಪದ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ 1990ರ ದಶಕದಲ್ಲಿ ರೂಪುಗೊಂಡ ಕೆಆರ್‌ಎಚ್-2 ಹೈಬ್ರಿಡ್ ಭತ್ತ ರಾಜ್ಯದ ಗಡಿಯಾಚೆಗೂ ಹೋಯಿತು. ನಾಲೆ ಬಯಲಿನ ಮಣ್ಣು, ಕಬ್ಬು, ಬೆಲ್ಲದ ಆಲೆಮನೆಗಳ ಇಂಧನ ಇವೆಲ್ಲ ಪ್ರಾಜೆಕ್ಟ್‌ಗೆ ಒದಗುವ ವಿಷಯಗಳೇ. 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾಗಿ 2022ರಲ್ಲಿ ರಾಮ್ಸಾರ್ ತಾಣವಾದ ರಂಗನತಿಟ್ಟು ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿದೆ. ಆದರೆ ಅಭಯಾರಣ್ಯದೊಳಗೆ ಅಧ್ಯಯನ ನಡೆಸಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಅನುಮತಿಗೆ ತಗಲುವ ಕಾಲವನ್ನು ಲೆಕ್ಕಕ್ಕೆ ಹಿಡಿಯದೆ ಆರು ತಿಂಗಳ ಪ್ರಾಜೆಕ್ಟ್ ರೂಪಿಸಿದರೆ ಹಕ್ಕಿಗಳ ಋತುವೇ ಮುಗಿದುಹೋಗುತ್ತದೆ.

ಅರ್ಜಿಯ ಹಿಂದಿನ ಕಾಗದಪತ್ರ

ಬಹುತೇಕ ಸಂಶೋಧನಾ ಅನುದಾನ ವ್ಯಕ್ತಿಯ ಖಾತೆಗಲ್ಲ, ಸಂಸ್ಥೆಯ ಖಾತೆಗೆ ಬರುತ್ತದೆ. ಹಣ ಖರ್ಚಾದ ಬಳಿಕ ಲೆಕ್ಕಪರಿಶೋಧಿತ ವಿವರ ಹಾಗೂ ಹಣ ಬಳಕೆ ಪ್ರಮಾಣಪತ್ರ ಸಲ್ಲಿಸುವ ಹೊಣೆಯೂ ಸಂಸ್ಥೆಯದೇ. ಪ್ರಾಂಶುಪಾಲರು ಸಹಿ ಹಾಕಲು ಹಿಂದುಮುಂದು ನೋಡಿದರೆ ಅದಕ್ಕೆ ಉದಾಸೀನವೇ ಕಾರಣವೆಂದು ತಿಳಿಯಬೇಕಿಲ್ಲ. ವರ್ಗಾವಣೆಯಾದ ಅಧ್ಯಾಪಕರ ಹಳೆಯ ಯೋಜನೆಯ ಲೆಕ್ಕ ತಮ್ಮ ತಲೆಗೆ ಬಂದೀತೆಂಬ ಅಳುಕೂ ಇರುತ್ತದೆ. ಅದಕ್ಕಾಗಿ ಪ್ರಸ್ತಾವನೆಯನ್ನು ಕೊನೆಯ ದಿನಕ್ಕೆ ಒಯ್ಯದೆ, ಖರ್ಚಿನ ಪಟ್ಟಿ, ದರಪಟ್ಟಿ ಮತ್ತು ಮುಗಿಸುವ ದಿನಾಂಕಗಳೊಡನೆ ಮೂರು ವಾರ ಮೊದಲೇ ಮೇಜಿನ ಮೇಲಿಡುವುದು ಲೇಸು.

ಆಯವ್ಯಯದಲ್ಲಿ ಆಗುವ ಸಾಮಾನ್ಯ ದೋಷವೆಂದರೆ ಲ್ಯಾಪ್‌ಟಾಪ್, ಪ್ರಿಂಟರ್‌ಗಳಿಗೇ ಅರ್ಧ ಮೊತ್ತ ತೋರಿಸುವುದು. ಕ್ಷೇತ್ರಕಾರ್ಯ ಆಧಾರಿತ ಯೋಜನೆಯಲ್ಲಿ ಪ್ರಯಾಣ, ಸಹಾಯಕರ ಸಂಭಾವನೆ, ದಾಖಲಾತಿಗೆ ಹೆಚ್ಚು ಹಣ ಕೇಳಿದ್ದರೆ ಓದುವವರಿಗೆ ನಂಬಿಕೆ ಹುಟ್ಟುತ್ತದೆ. ಶಿಫಾರಸು ಪತ್ರವನ್ನು ಹೆಸರಾಂತರಿಂದ ಪಡೆಯುವುದಕ್ಕಿಂತ ವಿದ್ಯಾರ್ಥಿಯ ಕೆಲಸ ಕಣ್ಣಾರೆ ಕಂಡ ಅಧ್ಯಾಪಕರಿಂದ ಪಡೆಯುವುದು ಮೇಲು. ಜಾತಿ-ಆದಾಯ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಮೊದಲೇ ಸಿದ್ಧವಿರಲಿ. ಅಂಕಪಟ್ಟಿ ಹಾಗೂ ಆಧಾರ್‌ನಲ್ಲಿ ಹೆಸರಿನ ಇನಿಷಿಯಲ್ ಬೇರೆಬೇರೆ ಇದ್ದರೆ ಅದೊಂದೇ ಕಾರಣಕ್ಕೆ ಅರ್ಜಿ ನಿಂತುಹೋಗಬಹುದು.

ಹಣ ಕೇಳುವ ‘ಇಂಟರ್ನ್‌ಶಿಪ್’ಗಳು

ಎಂಜಿನಿಯರಿಂಗ್ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಕಡ್ಡಾಯವಾದ ಮೇಲೆ ಪ್ರಮಾಣಪತ್ರ ಮಾರುವ ವ್ಯಾಪಾರವೂ ಬೆಳೆದಿದೆ. ಕೆಲವು ಸಾವಿರ ರೂಪಾಯಿ ಕಟ್ಟಿಸಿಕೊಂಡು, ನಾಲ್ಕು ವಿಡಿಯೊ ತೋರಿಸಿ, ಚಂದದ ಪ್ರಮಾಣಪತ್ರ ಕೊಡುವುದು ಇದರ ಬಗೆ. ಸಾಲ ಮಾಡಿ ಓದಿಸುತ್ತಿರುವ ರೈತ ಕುಟುಂಬಕ್ಕೆ ಇದು ವ್ಯರ್ಥ ಹೊರೆ. ನೌಕರಿಯ ಸಂದರ್ಶನದಲ್ಲಿ ಅಂಥ ಕಾಗದ ನಿಲ್ಲುವುದೂ ಇಲ್ಲ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ ಇಂಟರ್ನ್‌ಶಿಪ್ ಜಾಲತಾಣದಲ್ಲಿ ಹುಡುಕುವುದು, ಕಂಪನಿಯ ವಿಳಾಸಕ್ಕೆ ನೇರವಾಗಿ ಪತ್ರ ಬರೆದು ಖಚಿತಪಡಿಸಿಕೊಳ್ಳುವುದು ಸುರಕ್ಷಿತ.

2024ರ ಅಕ್ಟೋಬರ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯ ಬಗ್ಗೆಯೂ ಗೊಂದಲವಿದೆ. ಆರಂಭದ ನಿಯಮದಂತೆ ಅದು 21ರಿಂದ 24 ವರ್ಷದವರಿಗೆ, ತಿಂಗಳಿಗೆ 5,000 ರೂಪಾಯಿ ಭತ್ಯೆಯ 12 ತಿಂಗಳ ತರಬೇತಿ. ಪೂರ್ಣಾವಧಿ ವ್ಯಾಸಂಗದಲ್ಲಿರುವವರಿಗೆ ಅಲ್ಲಿ ಅವಕಾಶವಿರಲಿಲ್ಲ. ಓದು ಮುಗಿಸಿ ಮನೆಯಲ್ಲಿರುವವರಿಗೆಂದು ರೂಪಿಸಿದ ಈ ಯೋಜನೆಗೆ ಆ ನಿಯಮದಡಿ ಓದುತ್ತಿರುವವರು ಅರ್ಜಿ ಹಾಕಿ ಕಾಯುವುದರಲ್ಲಿ ಅರ್ಥವಿರಲಿಲ್ಲ. ನಿಯಮಗಳು ಸುತ್ತಿನಿಂದ ಸುತ್ತಿಗೆ ಬದಲಾಗಬಹುದಾದ್ದರಿಂದ ಅಧಿಕೃತ ಪ್ರಕಟಣೆಯನ್ನೇ ನೋಡಬೇಕು. ನೋಂದಣಿ, ಸೀಟು ಕಾಯ್ದಿರಿಸುವಿಕೆ, ಠೇವಣಿ ಎಂಬ ಹೆಸರಿನಲ್ಲಿ ಯಾರಾದರೂ ಫೋನಿನಲ್ಲಿ ಹಣ ಕೇಳಿ ವಂಚಿಸಿದರೆ ತಡಮಾಡದೆ 1930 ಸೈಬರ್ ಅಪರಾಧ ಸಹಾಯವಾಣಿಗೆ ಕರೆ ಮಾಡಿ ದೂರು ದಾಖಲಿಸಬೇಕು. ಮೊದಲ ಕೆಲವು ಗಂಟೆಗಳಲ್ಲೇ ತಿಳಿಸಿದರೆ ಖಾತೆಯಿಂದ ಹೋದ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.