ಹೆಸರಿಲ್ಲದ ಮುಖಗಳು

1909ರಲ್ಲಿ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ 7 ಸಂಪುಟ ಹೊರತಂದ. ಅದರ ಫೋಟೋಗಳ ಕೆಳಗೆ ಇರೋದು ಬಹುಪಾಲು ಜಾತಿಯ ಹೆಸರು, ಮನುಷ್ಯರದಲ್ಲ. ಕಾಸು ಕೊಟ್ಟು ಸ್ಟುಡಿಯೋದಲ್ಲಿ ತೆಗೆಸಿಕೊಂಡ ನಮ್ಮ ಅಜ್ಜಿ ತಾತಂದಿರ ಫೋಟೋ ಇದಕ್ಕೆ ಉತ್ತರ. ಪಟೇಲರ ಮುಂದೆ ಕೂರುವಂತಿಲ್ಲದವರಿಗೆ ಅಲ್ಲಿ ಕುರ್ಚಿ ಸಿಕ್ಕಿತು.

ಹಲಗೆವಡೇರಹಳ್ಳಿ, ಪಟ್ಟಣಗೆರೆ, ಕೆಂಚೇನಹಳ್ಳಿಗಳ ಹೊಲಗಳ ಮೇಲೆ ರಾಜರಾಜೇಶ್ವರಿನಗರ ಎದ್ದಿತು. ಕೇರಿ ಚದುರಿದರೆ ಉಳಿಯುವ ದಾಖಲೆ ಗೋಡೆಯ ಮೇಲಿನ ಈ ಫೋಟೋ. ಹಳೆಯದೆಂದು ಗುಜರಿಗೆ ಹಾಕಬೇಡಿ. ಗಾಜಿಗೆ ಅಂಟಿದ್ದರೆ ಕೀಳಬೇಡಿ, ಗಾಜಿನ ಮೇಲಿಂದಲೇ ನಕಲು ತೆಗೆಯಿರಿ. ಬೂಷ್ಟಿನ ಕಲೆ ತಿದ್ದಿ. ಕಪ್ಪು ಮುಖವನ್ನು ಬೆಳ್ಳಗೆ ಮಾಡಿದರೆ ಅವರನ್ನು ಇನ್ನೊಂದು ಸಲ ಅಳಿಸಿದಂತೆ. ಹಿರಿಯರು ಇರುವಾಗಲೇ ಕೇಳಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೆಸರು, ಊರು, ಕೆಲಸ ಬರೆಯಿರಿ. ಥರ್ಸ್ಟನ್ ಬರೆಯದೆ ಬಿಟ್ಟದ್ದನ್ನು ನಾವೇ ಬರೆಯಬೇಕು.