ಹೋಯ್ತು ಮತ್ತು ತೆಗುದ್ರು

ಮದ್ದೂರು ಸೀಮೆಯ ನಿಡಘಟ್ಟದ ಹೆಸರು ಹೊರಗಿನವರಿಗೆ ಗೊತ್ತಾದದ್ದು ದಶಪಥದಿಂದ. ಬೆಂಗಳೂರು–ಮೈಸೂರು ಹೆದ್ದಾರಿಯ ಮೊದಲ ತುಂಡು ಇಲ್ಲಿಗೆ ಮುಗಿದು ಎರಡನೆಯದು ಇಲ್ಲಿಂದಲೇ ಶುರುವಾಯಿತು. ಆ ರಸ್ತೆಯಲ್ಲಿ ಈಗ ಪೆಟ್ರೋಲ್ ಗಾಡಿಗಳ ನಡುವೆ ಸದ್ದಿಲ್ಲದೆ ನುಗ್ಗುವ ಬ್ಯಾಟರಿ ಕಾರಿಗೆ ಜನ ಇಟ್ಟ ಹೆಸರು 'ಕರೆಂಟ್ ಗಾಡಿ'. 'ವಿದ್ಯುತ್' ಬಿಲ್ಲಿನ ಮೇಲಷ್ಟೇ, ಬಾಯಲ್ಲಿರುವುದು ಕರೆಂಟು.

ಕರೆಂಟು ಬರುತ್ತದೆ, ಹೋಗುತ್ತದೆ, ಮಳೆಯ ಹಾಗೆ. ಸೀಮೆಎಣ್ಣೆಯೂ ಬರುತ್ತಿತ್ತು, ಆದರೆ ಸೊಸೈಟಿಗೆ. ಮನೆಗೆ ನಾವೇ ಕ್ಯಾನು ಹಿಡಿದು ತರಬೇಕಿತ್ತು.

ನಿಜಕ್ಕೂ ಕರೆಂಟು ತಾನಾಗಿ ಎಲ್ಲಿಗೂ ಹೋದದ್ದಿಲ್ಲ. 1902ರಲ್ಲಿ ಇದೇ ಜಿಲ್ಲೆಯ ಶಿವನಸಮುದ್ರದಲ್ಲಿ ಕಾವೇರಿಯಿಂದ ತೆಗೆದದ್ದನ್ನು ಮೊದಲು ಒಯ್ದದ್ದು ಸುಮಾರು 147 ಕಿ.ಮೀ. ಆಚೆಯ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ. 1911ರಲ್ಲಿ ಕನ್ನಂಬಾಡಿ ಕಟ್ಟೆ ಶುರುವಾದಾಗಲೂ ಬೇಸಿಗೆಯಲ್ಲಿ ಗಣಿಗೆ ಕರೆಂಟು ಕೈಕೊಡಬಾರದೆಂಬ ಲೆಕ್ಕ ಅದರೊಳಗಿತ್ತು. 1940ರ ಹೊತ್ತಿಗೆ ಮದ್ದೂರಿನ ಮಗ್ಗುಲ ಶಿಂಷಾ ಹೊಳೆಯೂ ಕರೆಂಟಿಗೆ ದುಡಿಯತೊಡಗಿತು. ತಂತಿಯ ಕೆಳಗಿನ ಹಟ್ಟಿಗಳಲ್ಲಿ ಮಾತ್ರ ಬುಡ್ಡಿದೀಪ. ಬಹುಪಾಲು ಹಳ್ಳಿಗಳಿಗೆ 'ಕರೆಂಟು ಬಂದದ್ದು' ಸ್ವಾತಂತ್ರ್ಯ ಬಂದು ಎಷ್ಟೋ ವರ್ಷದ ಮೇಲೆ.

ಈ ಬುಡ್ಡಿದೀಪ, ಕರೆಂಟುಗಳನ್ನು ಸಾಹಿತ್ಯದಲ್ಲೂ ಹುಡುಕಬೇಕು. ಜಗತ್ತನ್ನೇ ಬದಲಿಸಿದ ಪೆಟ್ರೋಲಿಯಂ ಬಗ್ಗೆ ಸಾಹಿತ್ಯ ಯಾಕಿಷ್ಟು ಕಡಿಮೆ ಎಂದು ಕಾದಂಬರಿಕಾರ ಅಮಿತಾವ್ ಘೋಷ್ 1992ರಲ್ಲಿ ಕೇಳಿದ್ದರು. ಇಂಧನದ ಕಣ್ಣಿಂದ ಸಾಹಿತ್ಯ ಓದುವವರು ಆ ಪ್ರಶ್ನೆಯನ್ನು ಇವತ್ತಿಗೂ ಬಿಟ್ಟಿಲ್ಲ. ನಮ್ಮ ವಿಮರ್ಶೆ 'ಮರಳಿ ಮಣ್ಣಿಗೆ'ಯ ಮಣ್ಣನ್ನು, 'ಕರ್ವಾಲೊ'ದ ಕಾಡನ್ನು ಚೆನ್ನಾಗಿಯೇ ಓದಿದೆ. ಮದ್ದೂರು ಸೀಮೆಯವರೇ ಆದ ಬೆಸಗರಹಳ್ಳಿ ರಾಮಣ್ಣನವರ ಕಥೆಗಳನ್ನು ಓದುವಾಗ ಜಾತಿ, ಬಡತನ ಕಾಣುತ್ತವೆ. ಒಲೆಗೆ ಸೌದೆ ಹೊತ್ತವರು ಯಾರು, ದೀಪ ಎಷ್ಟು ಹೊತ್ತಿನವರೆಗೆ ಉರಿಯುತ್ತಿತ್ತು ಎಂದು ಕೇಳುವವರು ಕಡಿಮೆ. ಕೇಳಬೇಕು. ಅದಕ್ಕೆ ಹೊರಗಿನ ಸಿದ್ಧಾಂತಕ್ಕೆ ಕಾಯಬೇಕಿಲ್ಲ, ಈ ಸೀಮೆಯ ಕ್ರಿಯಾಪದಗಳಿಂದಲೇ ಶುರುಮಾಡಬಹುದು.

2023ರ ಬರದಲ್ಲಿ ಪಂಪ್‌ಸೆಟ್ಟಿನ 7 ತಾಸಿನ ತ್ರೀ ಫೇಸ್ ಕರೆಂಟು 5ಕ್ಕೆ ಇಳಿಯಿತು. ಕಬ್ಬು ಒಣಗುತ್ತಿರುವಾಗ 'ಕರೆಂಟು ಹೋಯ್ತು' ಅನ್ನುವ ಮಾತಿಗೆ ಅರ್ಥವಿಲ್ಲ. ಆಗ ಬಾಯಿಗೆ ಬರುವುದು 'ತೆಗುದ್ಬುಟ್ರು'. ಗಾಳಿಗೆ ತಂತಿ ಹರಿದರೆ 'ಹೋಯ್ತು', ಅದಕ್ಕೆ ಯಾರೂ ಹೊಣೆಯಿಲ್ಲ. 'ತೆಗುದ್ರು' ಅಂದಕೂಡಲೇ ಅಲ್ಲಿ ಯಾರೋ ಇದ್ದಾರೆ: ಲೈನ್‌ಮನ್ನು, ಸಬ್‌ಸ್ಟೇಷನ್ನು, ವಿಧಾನಸೌಧ. ಇಷ್ಟು ಚುಟುಕಾದ ರಾಜಕೀಯ ವಿಮರ್ಶೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪಂಪ್‌ಸೆಟ್ಟಿನ ರಾತ್ರಿ ಪಾಳಿಯಲ್ಲಿ ಕರೆಂಟು ಎಂಬ ಪದವೇ ಉದುರುತ್ತದೆ. 'ಬಂತಾ?' 'ಇನ್ನೂ ಇಲ್ಲ ಕಣ್ಲಾ.' ನಿದ್ದೆಗೆಟ್ಟು ಸಾಕಾದವರು ಆಟೋ ಸ್ಟಾರ್ಟರ್ ಹಾಕಿಸಿಕೊಂಡಿದ್ದಾರೆ. ತ್ರೀ ಫೇಸ್ ಬಂದ ಗಳಿಗೆಯಲ್ಲೇ ಸುತ್ತಲಿನ ಮೋಟಾರುಗಳೆಲ್ಲ ಒಟ್ಟಿಗೆ ಏಳುತ್ತವೆ, ವೋಲ್ಟೇಜು ಕುಸಿಯುತ್ತದೆ, ಒಮ್ಮೊಮ್ಮೆ ಟ್ರಾನ್ಸ್‌ಫಾರ್ಮರೇ ಸುಟ್ಟುಹೋಗುತ್ತದೆ. ಆಟೋ ಸ್ಟಾರ್ಟರ್ ಕಿತ್ತುಹಾಕಿ ಅನ್ನುತ್ತಾರೆ ಇಲಾಖೆಯವರು. ಹಗಲು ಹೊತ್ತು ಕೊಡಿ, ಕಿತ್ತುಹಾಕ್ತೀವಿ ಅನ್ನುತ್ತಾರೆ ರೈತರು.