ಮಕ್ಕಳ ಮಾತು, ದೊಡ್ಡವರ ನಡವಳಿ: ಕುಂದಾಪುರದ ಮಕ್ಕಳ ಹಕ್ಕು ಸಂಘಟನೆಗಳ ಚರಿತ್ರೆಗೆ ಒಂದು ಜಾನಪದೀಯ ಪ್ರವೇಶ

ಜಾನಪದ ಅಧ್ಯಯನದಲ್ಲಿ ಮಗು ಎಂಬ ವಸ್ತುವಿಗೆ ಕೊರತೆಯಿಲ್ಲ. ಜೋಗುಳ, ಶಿಶುಪ್ರಾಸ, ಒಗಟು, ಆಟ, ಹರಕೆ, ಬಾಲಗ್ರಹದ ನಂಬಿಕೆ ಇವೆಲ್ಲವನ್ನೂ ನಮ್ಮ ವಿದ್ವಾಂಸರು ಶ್ರದ್ಧೆಯಿಂದ ಸಂಗ್ರಹಿಸಿದ್ದಾರೆ. ಆದರೆ ಈ ಸಂಗ್ರಹಗಳಲ್ಲಿ ಮಗು ಬಹುಮಟ್ಟಿಗೆ ಹಾಡಿಸಿಕೊಳ್ಳುವ ಜೀವ, ಇಲ್ಲವೆ ಆಡುವ ಜೀವ. ತನ್ನ ಊರಿನ ಬಗ್ಗೆ, ತನ್ನ ದುಡಿಮೆಯ ಬಗ್ಗೆ, ತನಗೆ ಆಗುತ್ತಿರುವ ಅನ್ಯಾಯದ ಬಗ್ಗೆ ಮಾತನಾಡುವ ವಕ್ತೃವಾಗಿ ಮಗು ನಮ್ಮ ಕ್ಷೇತ್ರಕಾರ್ಯದ ದಾಖಲೆಗಳಲ್ಲಿ ಅಪರೂಪ. ಆ ಮಾತನ್ನು ಹುಡುಕಿಕೊಂಡು ಹೊರಟರೆ ನಾವು ಜಾನಪದ ಸಂಗ್ರಹಗಳಿಂದ ಆಚೆಗೆ, ಮಕ್ಕಳ ಹಕ್ಕುಗಳಿಗಾಗಿ ದುಡಿದ ಸಂಸ್ಥೆಗಳ ಚರಿತ್ರೆಯ ಕಡೆಗೆ ಹೋಗಬೇಕಾಗುತ್ತದೆ. ಕುಂದಾಪುರ ಸೀಮೆಯಲ್ಲಿ 1990ರ ದಶಕದಿಂದ ನಡೆದ ಅಂತಹ ಒಂದು ಪ್ರಯೋಗವನ್ನು ಗುರುತಿಸಿ, ಅದು ಜಾನಪದ ವಿದ್ವಾಂಸರ ಮುಂದೆ ಇಡುವ ಪ್ರಶ್ನೆಯನ್ನು ಚರ್ಚಿಸುವುದು ಈ ಲೇಖನದ ಉದ್ದೇಶ.

1. ಹಿನ್ನೆಲೆ: ಗಡಿ ದಾಟಿದ ಬಾಲ್ಯ

ಕರಾವಳಿಯ ಸಣ್ಣ ಹಿಡುವಳಿ, ಸಾಲ ಮತ್ತು ದೊಡ್ಡ ಕುಟುಂಬಗಳ ನಡುವೆ ಮಕ್ಕಳ ದುಡಿಮೆ ಹೊಸದಲ್ಲ. ದನ ಕಾಯುವುದು, ಸೌದೆ ತರುವುದು, ಬೀಡಿ ಸುತ್ತುವುದು, ಕಿರಿಯ ಮಕ್ಕಳನ್ನು ನೋಡಿಕೊಳ್ಳುವುದು ಇವು ದುಡಿಮೆ ಎಂಬ ಹೆಸರನ್ನೂ ಪಡೆಯದ ದುಡಿಮೆಗಳು. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಕಾದಂಬರಿಯಲ್ಲಿ ತಂದೆಯ ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಸಾಲದ ಲೆಕ್ಕ ದೊಡ್ಡವರ ನಡುವಿನದು, ಅದನ್ನು ತೀರಿಸುವ ಮೈ ಮಾತ್ರ ಮಕ್ಕಳದು. ಕರಾವಳಿಯ ಸಾಮಾಜಿಕ ಚರಿತ್ರೆಯನ್ನು ಬರೆಯುವವರು ಈ ಸೂಕ್ಷ್ಮವನ್ನು ಮರೆಯುವಂತಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಈ ವಲಸೆಗೆ ಇನ್ನೊಂದು ದಾರಿ ತೆರೆಯಿತು. ಮುಂಬಯಿ, ಬೆಂಗಳೂರು ಮುಂತಾದ ನಗರಗಳಲ್ಲಿ ಬೆಳೆದ ಉಡುಪಿ ಹೋಟೆಲುಗಳು ಊರಿನ ಹುಡುಗರನ್ನು ಬರಮಾಡಿಕೊಂಡವು. ಲೋಟ ತೊಳೆಯುವುದರಿಂದ ತೊಡಗಿ ಗಲ್ಲಾಪೆಟ್ಟಿಗೆಯವರೆಗೆ ಏರಿದವರ ಕಥೆಗಳು ಕರಾವಳಿಯ ಮನೆಮನೆಗಳಲ್ಲಿ ಇವೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕಲಿತವರಿಗಾಗಿ ಮುಂಬಯಿಯಲ್ಲಿ ಕನ್ನಡದ ರಾತ್ರಿಶಾಲೆಗಳು ನಡೆದದ್ದು ಸಹ ಇದೇ ಚರಿತ್ರೆಯ ಹೆಮ್ಮೆಯ ಭಾಗ. ಆದರೆ ಏರಿದವರ ಕಥೆಯನ್ನು ಊರು ಹೇಳುತ್ತದೆ, ಏರದೆ ಉಳಿದವರ ಕಥೆಯನ್ನು ಹೇಳುವುದಿಲ್ಲ. ಮೌಖಿಕ ಪರಂಪರೆಗೂ ತನ್ನದೇ ಆದ ಮೌನಗಳಿವೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

2. ಸಂಘಟನೆಯ ಹುಟ್ಟು

ಬೆಂಗಳೂರಿನ ಹೋಟೆಲು ಮತ್ತು ಬೀದಿಗಳಲ್ಲಿ ದುಡಿಯುತ್ತಿದ್ದ ಮಕ್ಕಳ ನಡುವೆ 1980ರ ದಶಕದಲ್ಲಿ ಕೆಲಸ ಆರಂಭಿಸಿದ ಸಂಸ್ಥೆ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’. ಕಾರ್ಮಿಕ ಸಂಘಟನೆಯ ಅನುಭವದಿಂದ ಬಂದ ನಂದನಾ ರೆಡ್ಡಿ ಮತ್ತು ಅವರ ಸಂಗಡಿಗರು ಇದನ್ನು ಕಟ್ಟಿದರು. ದುಡಿಯುವ ಮಕ್ಕಳಿಗಾಗಿ ಒಂದು ಕಾನೂನಿನ ಕರಡನ್ನು ಈ ಗುಂಪು 1985ರಲ್ಲಿಯೇ ಸಿದ್ಧಪಡಿಸಿತ್ತು. ಮರುವರ್ಷ ಸಂಸತ್ತು ಅಂಗೀಕರಿಸಿದ ಬಾಲಕಾರ್ಮಿಕ (ನಿಷೇಧ ಮತ್ತು ನಿಯಂತ್ರಣ) ಕಾಯಿದೆ, 1986, ಪಟ್ಟಿ ಮಾಡಿದ ಕೆಲವು ಉದ್ಯೋಗಗಳಲ್ಲಿ ಮಾತ್ರ 14 ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಿತು. ಹೋಟೆಲು ಮತ್ತು ಮನೆಗೆಲಸ ಆ ನಿಷೇಧದ ಪಟ್ಟಿಗೆ ಸೇರಿದ್ದು 2006ರ ಅಕ್ಟೋಬರ್ 10ರಿಂದ. ಹದಿನಾಲ್ಕು ವರ್ಷದೊಳಗಿನವರ ಎಲ್ಲ ಬಗೆಯ ನೇಮಕವನ್ನು, ಕೆಲವು ವಿನಾಯಿತಿಗಳೊಂದಿಗೆ, ನಿಷೇಧಿಸಿದ್ದು 2016ರ ತಿದ್ದುಪಡಿ. ಅಂದರೆ ಕುಂದಾಪುರದ ಹುಡುಗನೊಬ್ಬ ನಗರದ ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವುದು 1986ರ ನಂತರವೂ ಇಪ್ಪತ್ತು ವರ್ಷ ಈ ಕಾಯಿದೆಯ ನಿಷೇಧದ ಹೊರಗೇ ಇತ್ತು.

1990ರಲ್ಲಿ ದುಡಿಯುವ ಮಕ್ಕಳ ಸ್ವಂತ ಸಂಘಟನೆಯಾಗಿ ‘ಭೀಮ ಸಂಘ’ ರೂಪುಗೊಂಡಿತು. ಈ ಹೆಸರು ಜಾನಪದ ವಿದ್ಯಾರ್ಥಿಯ ಗಮನ ಸೆಳೆಯುತ್ತದೆ. ಸಾಮಾನ್ಯವಾಗಿ ಭೀಮನೆಂದರೆ ಬಲ. ಆದರೆ ಬಡಗುತಿಟ್ಟಿನ ಯಕ್ಷಗಾನವನ್ನು ಕಂಡು ಬೆಳೆದ ಸೀಮೆಯವರಿಗೆ ಇನ್ನೊಬ್ಬ ಭೀಮನೂ ಪರಿಚಿತ. ಆತ ವಿರಾಟನ ಅರಮನೆಯಲ್ಲಿ ಹೆಸರು ಮರೆಸಿಕೊಂಡು ಅಡುಗೆಯವನಾಗಿ ದುಡಿದ ವಲಲ. ಹೆಸರಿಟ್ಟವರ ಉದ್ದೇಶ ಏನೇ ಇದ್ದಿರಲಿ, ಹೋಟೆಲಿನ ಹೊಗೆಯಲ್ಲಿ ‘ಏ ಹುಡುಗ’ ಎಂದಷ್ಟೇ ಕರೆಸಿಕೊಳ್ಳುತ್ತಿದ್ದ ಮಕ್ಕಳ ಸಂಘಕ್ಕೆ ಈ ಎರಡನೆಯ ಅರ್ಥ ಸಹಜವಾಗಿ ಒದಗಿಬರುತ್ತದೆ. ಓದು ಬಾರದವರಿಗೂ ತಲುಪಬೇಕೆಂಬ ಕಾರಣದಿಂದ ಮಕ್ಕಳ ಸುದ್ದಿ ಮತ್ತು ಚಿತ್ರಗಳನ್ನು ಒಳಗೊಂಡ ‘ಭೀಮ ಪತ್ರಿಕೆ’ ಎಂಬ ಗೋಡೆಪತ್ರಿಕೆಯೂ ಹೊರಟಿತು. ನಗರದಲ್ಲಿ ದುಡಿಯುವ ಮಗುವಿನ ಬೇರು ಹಳ್ಳಿಯಲ್ಲಿದೆ, ಪರಿಹಾರವೂ ಅಲ್ಲಿಯೇ ತೊಡಗಬೇಕು ಎಂಬ ತಿಳಿವಿನಿಂದ ಕೆಲಸ ಕುಂದಾಪುರದ ಹಳ್ಳಿಗಳಿಗೆ ವಿಸ್ತರಿಸಿತು.

3. ಮಕ್ಕಳ ಪಂಚಾಯತಿಯಿಂದ ಮಕ್ಕಳ ಗ್ರಾಮಸಭೆಗೆ

ಈ ವಿಸ್ತರಣೆಗೆ ರಾಜ್ಯದ ರಾಜಕೀಯ ಚರಿತ್ರೆಯೂ ನೆಲ ಒದಗಿಸಿತ್ತು. ಅಬ್ದುಲ್ ನಜೀರ್‌ಸಾಬರ ಕಾಲದ ವಿಕೇಂದ್ರೀಕರಣ, 1987ರ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿ ಚುನಾವಣೆಗಳು, ಆನಂತರ 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮ ಇವುಗಳಿಂದ ‘ಗ್ರಾಮಸಭೆ’ ಎಂಬುದು ಹಳ್ಳಿಯವರ ಬಾಯಲ್ಲಿ ಬಳಕೆಯ ಮಾತಾಯಿತು. ಅಂತರರಾಷ್ಟ್ರೀಯ ನೆಲೆಯಲ್ಲಿ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ಅನುಚ್ಛೇದ, ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಮಗುವಿಗೆ ನೀಡಿತ್ತು. ಭಾರತ ಈ ಒಡಂಬಡಿಕೆಯನ್ನು 1992ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು.

1990ರ ದಶಕದ ಮಧ್ಯಭಾಗದಲ್ಲಿ ಕುಂದಾಪುರ ತಾಲ್ಲೂಕಿನ ಕೆಲವು ಗ್ರಾಮಗಳಲ್ಲಿ ಮಕ್ಕಳ ಪಂಚಾಯತಿಗಳು ಆರಂಭವಾದವು. ಮಕ್ಕಳೇ ಮತದಾರರು, ಮಕ್ಕಳೇ ಅಭ್ಯರ್ಥಿಗಳು. ಶಾಲೆಗೆ ಹೋಗುವವರೂ ದುಡಿಯುವವರೂ ಒಂದೇ ಸಭೆಯಲ್ಲಿ ಕುಳಿತರು. ತಮ್ಮ ಮಾತನ್ನು ಹಿರಿಯರ ಪಂಚಾಯತಿಗೆ ಮುಟ್ಟಿಸಲು, ಕಷ್ಟದಲ್ಲಿ ಜೊತೆ ನಿಲ್ಲಲು, ನಂಬಿಕೆಯ ಹಿರಿಯರೊಬ್ಬರನ್ನು ಮಕ್ಕಳು ತಾವೇ ‘ಮಕ್ಕಳ ಮಿತ್ರ’ರಾಗಿ ಆರಿಸಿಕೊಂಡರು. ಅವರು ಎತ್ತಿದ ವಿಷಯಗಳು ಮಳೆಗಾಲದ ಕಾಲುಸಂಕ, ಸೌದೆ ಮತ್ತು ನೀರು, ಶಾಲೆಯ ದೂರ, ಸಾರಾಯಿ ಅಂಗಡಿಗಳಂಥವು. ಇವು ಊರಿನವರೆಲ್ಲರ ವಿಷಯಗಳೇ ಆಗಿದ್ದರೂ ಮಗುವಿನ ಎತ್ತರದಿಂದ ನೋಡಿದಾಗ ಅವುಗಳ ಆಕಾರ ಬೇರೆ.

ಈ ಅನುಭವ ಮುಂದೆ ರಾಜ್ಯದ ಆಡಳಿತಕ್ಕೂ ತಲುಪಿತು. ಪ್ರತಿ ಗ್ರಾಮ ಪಂಚಾಯತಿಯೂ ಮಕ್ಕಳ ಗ್ರಾಮಸಭೆಯನ್ನು ನಡೆಸಬೇಕೆಂದು ರಾಜ್ಯ ಸರ್ಕಾರ 2006ರಲ್ಲಿ ಸುತ್ತೋಲೆ ಹೊರಡಿಸಿತು. ಚುನಾಯಿತ ಸದಸ್ಯರು ಮತ್ತು ಅಧಿಕಾರಿಗಳು ಮಕ್ಕಳ ಎದುರು ಕುಳಿತು ಉತ್ತರ ಹೇಳಬೇಕಾದ ಒಂದು ವಿಧಿಬದ್ಧ ಸಂದರ್ಭ ಇದರಿಂದ ನಿರ್ಮಾಣವಾಯಿತು.

4. 1996ರ ಸಭೆ ಮತ್ತು ಒಂದು ವಿವಾದ

1996ರ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ದುಡಿಯುವ ಮಕ್ಕಳ ಮೊದಲ ಅಂತರರಾಷ್ಟ್ರೀಯ ಸಭೆ ಕುಂದಾಪುರದಲ್ಲಿ ನಡೆಯಿತು. ಉಡುಪಿ ಜಿಲ್ಲೆ ಆಗಿನ್ನೂ ರಚನೆಯಾಗಿರಲಿಲ್ಲ. ಕುಂದಾಪುರ ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕಾಗಿತ್ತು. ಏಷ್ಯಾ, ಆಫ್ರಿಕಾ ಮತ್ತು ಲ್ಯಾಟಿನ್ ಅಮೆರಿಕದ ಮಕ್ಕಳ ಪ್ರತಿನಿಧಿಗಳು ಸೇರಿ 10 ಅಂಶಗಳ ಘೋಷಣೆಯನ್ನು ಹೊರಡಿಸಿದರು. ತಮ್ಮ ಸಮಸ್ಯೆಗಳನ್ನೂ ಸಂಘಟನೆಗಳನ್ನೂ ಮಾನ್ಯ ಮಾಡಬೇಕು, ಬದುಕಿಗೆ ಹೊಂದುವ ಶಿಕ್ಷಣ ಬೇಕು, ತಮ್ಮ ಕುರಿತ ತೀರ್ಮಾನಗಳಲ್ಲಿ ತಮ್ಮನ್ನು ಕೇಳಬೇಕು, ಮಕ್ಕಳು ವಲಸೆ ಹೋಗದಂತೆ ಹಳ್ಳಿಗಳಲ್ಲಿ ಕೆಲಸ ನಡೆಯಬೇಕು ಎಂಬುವು ಅದರ ಮುಖ್ಯ ಬೇಡಿಕೆಗಳು. ಮಕ್ಕಳು ತಯಾರಿಸಿದ ವಸ್ತುಗಳ ಬಹಿಷ್ಕಾರವನ್ನು ಘೋಷಣೆ ವಿರೋಧಿಸಿತು. ಶೋಷಣೆ ಬೇಡ, ಆದರೆ ಓದು ಮತ್ತು ಬಿಡುವಿಗೆ ಅವಕಾಶವಿರುವ ಘನತೆಯ ಕೆಲಸ ಬೇಕು ಎಂಬ ನಿಲುವನ್ನು ಅದು ತಳೆಯಿತು.

ಬಹಿಷ್ಕಾರದ ಪ್ರಶ್ನೆಗೆ ಆಗ ತುರ್ತು ಇತ್ತು. ಅಮೆರಿಕದ ಸೆನೆಟಿನಲ್ಲಿ ಟಾಮ್ ಹಾರ್ಕಿನ್ ಮಂಡಿಸಿದ ಮಸೂದೆಯ ಭೀತಿಯಿಂದಲೇ ಬಾಂಗ್ಲಾದೇಶದ ಸಿದ್ಧ ಉಡುಪಿನ ಕಾರ್ಖಾನೆಗಳು ಮಕ್ಕಳನ್ನು ಹೊರಗೆ ಹಾಕಿದ್ದವು. ಹಾಗೆ ಹೊರಬಿದ್ದವರಲ್ಲಿ ಅನೇಕರು ಇನ್ನೂ ಕೆಟ್ಟ ಕೆಲಸಗಳಿಗೆ ಇಳಿಯಬೇಕಾಯಿತು. ಆದರೆ ‘ಘನತೆಯ ಕೆಲಸ’ ಎಂಬ ನಿಲುವನ್ನು ಎಲ್ಲರೂ ಒಪ್ಪಲಿಲ್ಲ. ಶಾಲೆಯ ಹೊರಗಿರುವ ಪ್ರತಿ ಮಗುವೂ ಬಾಲಕಾರ್ಮಿಕನೇ, ಪೂರ್ಣ ನಿಷೇಧವೇ ದಾರಿ ಎಂದು ವಾದಿಸಿದ ಚಳವಳಿಗಳೂ ನಮ್ಮ ದೇಶದಲ್ಲಿಯೇ ಬಲವಾಗಿದ್ದವು. ಕೈಲಾಸ್ ಸತ್ಯಾರ್ಥಿಯವರ ಮುಂದಾಳ್ತನದ 1998ರ ಜಾಗತಿಕ ಜಾಥಾ ಈ ಧಾರೆಗೆ ಸೇರಿದ್ದು. ಮರುವರ್ಷ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮಕ್ಕಳ ದುಡಿಮೆಯ ಅತ್ಯಂತ ಕೆಟ್ಟ ರೂಪಗಳ ವಿರುದ್ಧ 182ನೆಯ ಒಪ್ಪಂದವನ್ನು ಅಂಗೀಕರಿಸಿತು. ಭಾರತ ಅದನ್ನು 2017ರಲ್ಲಿ ಒಪ್ಪಿಕೊಂಡಿತು.

ಈ ಎರಡು ಧಾರೆಗಳ ನಡುವೆ ತೀರ್ಪು ಕೊಡುವುದು ಈ ಲೇಖನದ ಗುರಿಯಲ್ಲ. ನನ್ನ ಮಟ್ಟಿಗೆ, ಓದುವ ವಯಸ್ಸಿನ ಮಗು ಶಾಲೆಯಲ್ಲಿರಬೇಕು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಕುಂದಾಪುರದ ಸಭೆ ಎತ್ತಿದ ಮೂಲಪ್ರಶ್ನೆ ಅದರಿಂದ ಇಲ್ಲವಾಗುವುದಿಲ್ಲ. ಮಕ್ಕಳ ಮಾತನ್ನು ಕೇಳಬೇಕು ಎಂದು ಒಪ್ಪಿಕೊಂಡ ಮೇಲೆ, ಅವರು ನಮಗೆ ಒಪ್ಪಿಗೆಯಾಗದ ಮಾತನ್ನು ಹೇಳಿದರೆ ಏನು ಮಾಡಬೇಕು? ‘ಯಾರೋ ಹೇಳಿಕೊಟ್ಟದ್ದು’ ಎಂದು ತಳ್ಳಿಹಾಕುವುದು ಸುಲಭ. ಹೇಳಿಕೊಟ್ಟ ಮಾತೂ ಇರಬಹುದು. ಹಾಗಾದರೆ ಅದನ್ನು ಗುರುತಿಸುವ ಬಗೆ ಹೇಗೆ?

5. ಕೇಳುವವರ ಕೆಲಸ

ಇಲ್ಲಿ ಮಕ್ಕಳ ಹಕ್ಕು ಸಂಸ್ಥೆಯ ಕಾರ್ಯಕರ್ತರೂ ಜಾನಪದ ಸಂಗ್ರಾಹಕರೂ ಒಂದೇ ತೊಡಕಿನ ಎದುರು ನಿಲ್ಲುತ್ತಾರೆ. ಸಂಗ್ರಾಹಕ ಕೇಳಿದ ಪ್ರಶ್ನೆಯೇ ವಕ್ತೃವಿನ ಉತ್ತರವನ್ನು ರೂಪಿಸುತ್ತದೆ ಎಂಬುದು ನಮಗೆ ಹಳೆಯ ಪಾಠ. ಸಂಸ್ಥೆಗಳ ಯುವ ಕಾರ್ಯಕರ್ತರು, ಅನೇಕ ವೇಳೆ ಅದೇ ಊರುಗಳ ಯುವಕ ಯುವತಿಯರು, ಮಕ್ಕಳನ್ನು ಗುಂಪಾಗಿ ಕೂರಿಸಿ ಊರಿನ ನಕ್ಷೆ ಬರೆಸುತ್ತಾರೆ, ಬೀದಿನಾಟಕ ಕಟ್ಟಿಸುತ್ತಾರೆ, ಹಾಡು ಹೊಸೆಯಲು ಬಿಡುತ್ತಾರೆ, ಕೊನೆಗೆ ಬೇಡಿಕೆಗಳ ಪಟ್ಟಿ ಸಿದ್ಧವಾಗುತ್ತದೆ. ನಕ್ಷೆಯಿಂದ ಪಟ್ಟಿಯವರೆಗಿನ ಪ್ರತಿ ಹಂತದಲ್ಲಿಯೂ ಹಿರಿಯರ ಕೈ ಎಷ್ಟು ಎಂಬುದೇ ನಿಜವಾದ ಪರೀಕ್ಷೆ. ಯುನಿಸೆಫ್‌ಗಾಗಿ 1992ರಲ್ಲಿ ರೋಜರ್ ಹಾರ್ಟ್ ರೂಪಿಸಿದ ‘ಪಾಲ್ಗೊಳ್ಳುವಿಕೆಯ ಏಣಿ’ಯ ಕೆಳಗಿನ ಮೂರು ಮೆಟ್ಟಿಲುಗಳನ್ನು ಆತ ಪಾಲ್ಗೊಳ್ಳುವಿಕೆ ಎಂದೇ ಎಣಿಸಲಿಲ್ಲ. ಮಕ್ಕಳನ್ನು ಬಳಸಿಕೊಳ್ಳುವುದು, ಅಲಂಕಾರಕ್ಕೆ ನಿಲ್ಲಿಸುವುದು, ತೋರಿಕೆಗೆ ಕೂರಿಸುವುದು ಇವು ಆ ಮೂರು.

ಕರಾವಳಿಯ ಒಂದು ಹಳ್ಳಿಯ ಶಾಲೆಯಲ್ಲಿ ನಡೆದ ಮಕ್ಕಳ ಗ್ರಾಮಸಭೆಯೊಂದರಲ್ಲಿ ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಐದನೆಯ ತರಗತಿಯ ಒಬ್ಬ ಹುಡುಗಿ ಎದ್ದು ಕುಂದಗನ್ನಡದಲ್ಲಿ, ‘ಮಳಿ ಬಂದ್ರೆ ನಮ್ಮನ್ ಸಂಕ ದಾಂಟ್ಸುಕೆ ಅಬ್ಬಿ ಕೆಲ್ಸ ಬಿಟ್ ಬರ್ಕ್’ ಎಂದಳು. ಕೆಲವರು ನಕ್ಕರು, ಆಕೆ ಕುಳಿತಳು. ಸಭೆ ಮುಗಿದ ಮೇಲೆ ನಡವಳಿ ಪುಸ್ತಕವನ್ನು ಕೇಳಿ ನೋಡಿದೆ. ‘ಕಾಲುಸಂಕದ ದುರಸ್ತಿ ಕುರಿತು ಚರ್ಚಿಸಲಾಯಿತು’ ಎಂದಿತ್ತು. ಬರೆದವರು ಸುಳ್ಳು ಬರೆದಿರಲಿಲ್ಲ. ಆದರೆ ಆ ಮಾತಿನಲ್ಲಿದ್ದ ತಾಯಿ ನಡವಳಿಯಲ್ಲಿ ಇರಲಿಲ್ಲ. ಮಳೆಗಾಲದಲ್ಲಿ ಹೊಳೆ ಏರಿದ ದಿನವೆಲ್ಲ ಆಕೆ ಕಳೆದುಕೊಳ್ಳುವ ಅರ್ಧ ದಿನದ ಕೂಲಿ ಇರಲಿಲ್ಲ. ಕೂಲಿ ತಪ್ಪಬಾರದೆಂದು ಆಕೆ ಬಾರದ ದಿನ ಮಗು ಶಾಲೆಗೆ ಹೋಗುವುದಿಲ್ಲ ಎಂಬ ಸರಳ ಲೆಕ್ಕವೂ ಇರಲಿಲ್ಲ. ಬಡತನ, ಹೆಣ್ಣಿನ ದುಡಿಮೆ, ಶಾಲೆ ತಪ್ಪುವಿಕೆ ಈ ಮೂರನ್ನೂ ಒಂದೇ ವಾಕ್ಯದಲ್ಲಿ ಕಟ್ಟಿದ್ದ ಮಾತು ಕಚೇರಿಯ ಕನ್ನಡಕ್ಕೆ ಬಂದಾಗ ಒಂದು ಕಾಮಗಾರಿಯಾಗಿತ್ತು.

ಆ ಹೊತ್ತಿನಲ್ಲಿ ನನಗೆ ನಮ್ಮದೇ ಶಿಸ್ತಿನ ಮೇಲೆ ಸಂಕೋಚವಾಯಿತು. ತ್ರಿಪದಿಯ ಒಂದು ಪಾಠಾಂತರಕ್ಕಾಗಿ ಪುಟಗಟ್ಟಲೆ ಚರ್ಚಿಸುವ ನಾವು ಈ ಮಾತಿನ ಪಾಠವನ್ನು ಉಳಿಸಿಕೊಳ್ಳಲು ಏನನ್ನೂ ಮಾಡಿಲ್ಲ. 2006ರ ನಂತರ ರಾಜ್ಯದ ಉದ್ದಗಲಕ್ಕೆ ನಡೆದ ಮಕ್ಕಳ ಗ್ರಾಮಸಭೆಗಳಲ್ಲಿ ಮಕ್ಕಳು ತಮ್ಮ ತಮ್ಮ ಸೀಮೆಯ ಕನ್ನಡದಲ್ಲಿ, ತುಳು, ಕೊಂಕಣಿ, ಉರ್ದು, ಲಂಬಾಣಿಗಳಲ್ಲಿ ಆಡಿದ ಮಾತು ಒಂದು ದೊಡ್ಡ ಮೌಖಿಕ ಭಂಡಾರ. ಅದು ನಡವಳಿ ಪುಸ್ತಕಗಳ ನಾಲ್ಕಾರು ಸಾಲುಗಳಾಗಿ ಕರಗಿದೆ.

6. ಉಪಸಂಹಾರ

ಒಟ್ಟಿನಲ್ಲಿ, ಕುಂದಾಪುರದ ಪ್ರಯೋಗ ಮೂರು ಸಂಗತಿಗಳನ್ನು ತೋರಿಸಿಕೊಡುತ್ತದೆ. ಮೊದಲನೆಯದು, ಮಕ್ಕಳ ಹಕ್ಕಿನ ಪ್ರತಿಪಾದನೆ ಹೊರಗಿನಿಂದ ಬಂದ ಒಡಂಬಡಿಕೆಯಿಂದ ಮಾತ್ರ ಬೆಳೆದದ್ದಲ್ಲ. ವಲಸೆಯ ಚರಿತ್ರೆ, ಕಾರ್ಮಿಕ ಸಂಘಟನೆಯ ಅನುಭವ ಮತ್ತು ಪಂಚಾಯತ್ ರಾಜ್ ಇವು ಸೇರಿ ಅದಕ್ಕೆ ಇಲ್ಲಿನ ರೂಪ ಕೊಟ್ಟಿವೆ. ಎರಡನೆಯದು, ಸುತ್ತೋಲೆಯಿಂದ ಸಭೆ ಸೇರಿಸಬಹುದು, ಕೇಳುವ ಕಿವಿಯನ್ನು ತರಿಸಲಾಗದು. ಹಿಂದಿನ ವರ್ಷ ಮಕ್ಕಳು ಕೇಳಿದ್ದಕ್ಕೆ ಈ ವರ್ಷ ಉತ್ತರ ಹೇಳದ ಸಭೆ ತೋರಿಕೆಯ ಮೆಟ್ಟಿಲಿನಲ್ಲಿಯೇ ಉಳಿಯುತ್ತದೆ. ಮೂರನೆಯದು, ಹದಿನೆಂಟು ತುಂಬಿದೊಡನೆ ಮಗು ಈ ಚೌಕಟ್ಟಿನ ಹೊರಗಾಗುತ್ತದೆ. ಅದರೊಂದಿಗೆ ಸಂಘಟನೆಯ ನೆನಪೂ ಚದುರುತ್ತದೆ. 1990ರ ದಶಕದಲ್ಲಿ ಸಂಘ ಕಟ್ಟಿದ ಮಕ್ಕಳಲ್ಲಿ ಹಲವರು ಇಂದು ನಡುವಯಸ್ಸಿನವರು. ಅವರ ನೆನಪುಗಳನ್ನು ಅವರ ನುಡಿಯಲ್ಲಿಯೇ ದಾಖಲಿಸುವ ಕೆಲಸವನ್ನು ಇನ್ನು ಮುಂದೂಡುವಂತಿಲ್ಲ.

ಜಾನಪದ ವಿಭಾಗಗಳು ಇದನ್ನು ಕ್ಷೇತ್ರಕಾರ್ಯದ ಭಾಗವಾಗಿ ಕೈಗೆತ್ತಿಕೊಳ್ಳಬೇಕು. ಮಕ್ಕಳ ಗ್ರಾಮಸಭೆಗಳ ಮಾತನ್ನು, ಮಕ್ಕಳ ಒಪ್ಪಿಗೆ ಪಡೆದು, ಅವರ ಹೆಸರು ಮತ್ತು ಗುರುತನ್ನು ಕಾಪಾಡಿ, ಆಡಿದಂತೆಯೇ ಬರೆದಿಡುವ ಕ್ರಮವೊಂದನ್ನು ಪಂಚಾಯತಿಗಳೊಂದಿಗೆ ಸೇರಿ ರೂಪಿಸಬೇಕು. ನಡವಳಿಯ ಪಕ್ಕದಲ್ಲಿ ಒಂದು ಅಂಕಣ ಸಾಕು. ಅಲ್ಲಿ ಆ ಹುಡುಗಿಯ ವಾಕ್ಯ ಇದ್ದಿದ್ದರೆ, ಮುಂದಿನ ವರ್ಷ ಬಂದ ಅಧಿಕಾರಿ ಸಂಕ ಆಯಿತೇ ಎಂದಷ್ಟೇ ಕೇಳದೆ, ಆಕೆಯ ತಾಯಿಯ ಕೂಲಿ ಉಳಿಯಿತೇ ಎಂದೂ ಕೇಳಬೇಕಾಗುತ್ತಿತ್ತು.